ಕಟ್‌ಸೀನ್‌ನಲ್ಲಿ ಕಂಡದ್ದು ಆಟದಲ್ಲಿ ಏಕೆ ಕಾಣುವುದಿಲ್ಲ?

ತಿಳಕವಾಡಿ ಓದುಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ತಿನ್ನುತ್ತಿರುವ ಸಂಗತಿಯೊಂದನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಕೊಡಿಸುತ್ತೇನೆಂದು ಅಕ್ಕನ ಮಗನಿಗೆ ಮಾತು ಕೊಟ್ಟಿದ್ದ ಒಂದು ಆಟವನ್ನು ಕಳೆದ ಭಾನುವಾರ ಕೊಡಿಸಿದೆ. ಎರಡು ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆ, ನಮ್ಮ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಡೌನ್‌ಲೋಡ್ ಮುಗಿಯುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಊಟ ಮುಗಿಸಿ ಇಬ್ಬರೂ ಪರದೆಯ ಮುಂದೆ ಕುಳಿತೆವು.

ಮೊದಲು ಬಂದದ್ದು ಕಟ್‌ಸೀನ್, ಅಂದರೆ ನಾವು ಆಡದೆ ಬರೀ ನೋಡುವ ಕಥೆಯ ದೃಶ್ಯ. ಅದರಲ್ಲಿ ಮುದುಕನೊಬ್ಬ ಮಳೆಯಲ್ಲಿ ನಿಂತಿದ್ದಾನೆ. ಅವನು ಹೊದ್ದ ಬೂದು ಬಣ್ಣದ ಉಣ್ಣೆಯ ಶಾಲಿನ ಅಂಚಿನಲ್ಲಿ ಎದ್ದು ನಿಂತ ಎಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ರೆಪ್ಪೆಯ ಮೇಲೆ ನಿಂತ ಹನಿ ಜಾರಿ ಕೆನ್ನೆಯ ಸುಕ್ಕಿನೊಳಗೆ ಇಳಿಯಿತು. ಆಮೇಲೆ ಪರದೆ ಅರೆಗಳಿಗೆ ಕಪ್ಪಾಯಿತು, ಆಟ ನಮ್ಮ ಕೈಗೆ ಬಂತು. ಅದೇ ಮುದುಕ, ಅದೇ ಮಳೆ. ಆದರೆ ಶಾಲು ಬಣ್ಣ ಬಳಿದ ತಗಡಿನಂತೆ ಬೆನ್ನಿಗೆ ಅಂಟಿಕೊಂಡಿತ್ತು, ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು, ಮಳೆಯ ಗೆರೆಗಳು ಅವನ ಭುಜವನ್ನು ತೂರಿಕೊಂಡು ಕೆಳಗೆ ಹೋಗುತ್ತಿದ್ದವು. ಹುಡುಗನ ಮುಖ ಬಾಡಿತು. "ಮಾಮಾ, ನಮ್ಮ ಕಾರ್ಡೇ ಸರಿಯಿಲ್ಲ" ಎಂದ.

ಎರಡು ವರ್ಷದ ಹಿಂದೆ ಇಲ್ಲಿಯ ಅಂಗಡಿಯೊಂದರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್ ಇದು. 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ಅಷ್ಟು ಚೆಂದದ ದೃಶ್ಯವನ್ನು ತೋರಿಸಬಲ್ಲ ಕಾರ್ಡ್, ಮರುಕ್ಷಣದಲ್ಲಿ ಅದನ್ನೇ ಏಕೆ ತೋರಿಸಲಾರದು ಎಂಬುದು ನನ್ನ ಪ್ರಶ್ನೆ. ಕಂಪ್ಯೂಟರನ್ನು ಎತ್ತಿಕೊಂಡು ಅಂಗಡಿಗೆ ಹೋಗುವ ಮೊದಲು ಇಲ್ಲಿ ಕೇಳೋಣವೆನಿಸಿತು.

ವಿದ್ಯಾಗಿರಿ ಅನಿಮೇಷನ್, ಬಾಗಲಕೋಟೆ

ಸರ್, ದಯವಿಟ್ಟು ಅಂಗಡಿಗೆ ಹೋಗಬೇಡಿ, ಅಂಗಡಿಯವರ ತಪ್ಪು ಇದರಲ್ಲಿ ಏನೂ ಇರಲಿಕ್ಕಿಲ್ಲ. ನೀವು ನೋಡಿದ ಮೊದಲ ದೃಶ್ಯವನ್ನು ನಿಮ್ಮ ಕಾರ್ಡ್ ಚಿತ್ರಿಸಿರುವುದೇ ಅನುಮಾನ. ಕಟ್‌ಸೀನ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಆಟ ತಯಾರಿಸಿದವರು ತಮ್ಮ ಕಚೇರಿಯ ಯಂತ್ರಗಳಲ್ಲಿ ಮೊದಲೇ ರೆಂಡರ್ ಮಾಡಿ (ಲೆಕ್ಕ ಹಾಕಿ ಚಿತ್ರವಾಗಿ ಬಿಡಿಸಿ), ವಿಡಿಯೋ ಫೈಲ್ ಆಗಿ ಆಟದ ಜೊತೆಗೆ ಕಳುಹಿಸುವ ದೃಶ್ಯ. ಅದು ಓಡುವಾಗ ನಿಮ್ಮ ಕಂಪ್ಯೂಟರ್ ಸಿನಿಮಾ ತೋರಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಇನ್ನೊಂದು, ನಿಮ್ಮ ಕಣ್ಣೆದುರಿಗೇ ನಿಮ್ಮ ಕಾರ್ಡ್ ಲೆಕ್ಕ ಹಾಕಿ ಬಿಡಿಸುವ ದೃಶ್ಯ.

ಎರಡರ ನಡುವಿನ ಅಂತರವೆಲ್ಲ ಸಮಯದ ಅಂತರ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಬೇಕೆಂದರೆ ಕಾರ್ಡ್‌ಗೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್; 30 ಫ್ರೇಮ್ ಸಾಕೆಂದರೆ 33.3. ಅಷ್ಟರಲ್ಲಿ ಬೆಳಕು, ನೆರಳು, ಕೂದಲು, ಮಳೆ, ಹಿಂದಿನ ಬೀದಿ ಎಲ್ಲವೂ ಮುಗಿಯಬೇಕು. ಮೊದಲೇ ರೆಂಡರ್ ಮಾಡುವವನಿಗೆ ಈ ಗಡುವಿಲ್ಲ. ಒಂದೇ ಫ್ರೇಮ್ ಗಂಟೆಗಟ್ಟಲೆ ಬೆಂದರೂ ನಡೆಯುತ್ತದೆ, ಏಕೆಂದರೆ ಬೆಂದು ಮುಗಿದ ಮೇಲೆ ಅದು ಒಂದು ಚಿತ್ರ ಮಾತ್ರ.

ಇದು ಇಂದು ಹುಟ್ಟಿದ ರೂಢಿಯಲ್ಲ. 1997ರಲ್ಲಿ ಪ್ಲೇಸ್ಟೇಷನ್ ಎಂಬ ಆಟದ ಯಂತ್ರಕ್ಕೆ ಬಂದ ಫೈನಲ್ ಫ್ಯಾಂಟಸಿ 7 ಮೂರು ಸಿಡಿಗಳಲ್ಲಿ ಬಂತು, ಅದರಲ್ಲಿ ದೊಡ್ಡ ಪಾಲು ಇಂಥ ವಿಡಿಯೋಗಳದ್ದು. ವಿಡಿಯೋದಲ್ಲಿ ಸಿನಿಮಾದಂತೆ ಕಾಣುವ ಪಾತ್ರಗಳು ನಡೆದಾಡುವಾಗ ಚೌಕದ ಕೈಕಾಲುಗಳ ಗೊಂಬೆಗಳಾಗುತ್ತಿದ್ದವು. ಮರುವರ್ಷವೇ ಅದೇ ಯಂತ್ರಕ್ಕೆ ಬಂದ ಮೆಟಲ್ ಗೇರ್ ಸಾಲಿಡ್ ಬೇರೆ ದಾರಿ ಹಿಡಿದು, ಕಥೆಯ ದೃಶ್ಯಗಳಲ್ಲಿ ಬಹುಪಾಲನ್ನು ಆಟದ ಗೊಂಬೆಗಳಿಂದಲೇ ಆಡಿಸಿತು. ಅಲ್ಲಿ ಮಾತಾಡುವಾಗ ಬಾಯಿ ಆಡುವುದಿಲ್ಲ, ತಲೆ ಮಾತ್ರ ಅಲ್ಲಾಡುತ್ತದೆ. ಆದರೆ ನೋಡುವ ದೃಶ್ಯಕ್ಕೂ ಆಡುವ ಜಾಗಕ್ಕೂ ನಡುವೆ ಹೊಲಿಗೆ ಕಾಣುವುದಿಲ್ಲ. ನನಗೆ ಆ ಪ್ರಾಮಾಣಿಕತೆ ಇಂದಿಗೂ ಹೆಚ್ಚು ಇಷ್ಟ.

ಗುಮ್ಮಟನಗರಿ, ವಿಜಯಪುರ

ವಿದ್ಯಾಗಿರಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಊರಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಜಿಟಿಎ: ಸ್ಯಾನ್ ಆಂಡ್ರಿಯಾಸ್ ಆಡಿದ ತಲೆಮಾರಿನವನು ನಾನು. 2004ರ ಆ ಆಟದಲ್ಲಿ ನಾಯಕ ಸಿಜೆಗೆ ನಾವು ಯಾವ ಅಂಗಿ ತೊಡಿಸಿದ್ದೇವೋ ಅದೇ ಅಂಗಿಯಲ್ಲಿ ಅವನು ಕಥೆಯ ದೃಶ್ಯಕ್ಕೂ ಬರುತ್ತಿದ್ದ. ಬರ್ಗರ್ ತಿನ್ನಿಸಿ ದಪ್ಪ ಮಾಡಿದ್ದರೆ ದಪ್ಪಗಾಗಿಯೇ ಬರುತ್ತಿದ್ದ. ಅದು ವಿಡಿಯೋ ಅಲ್ಲ, ಆ ಕ್ಷಣದಲ್ಲಿ ಯಂತ್ರವೇ ಬಿಡಿಸುತ್ತಿರುವ ಚಿತ್ರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದರ ವಿರುದ್ಧದ ಸಾಕ್ಷಿ ರೆಸಿಡೆಂಟ್ ಈವಿಲ್ 4ರಲ್ಲಿದೆ. 2005ರ ಆರಂಭದಲ್ಲಿ ಗೇಮ್‌ಕ್ಯೂಬ್ ಎಂಬ ಆಟದ ಯಂತ್ರಕ್ಕೆ ಬಂದಾಗ ಅದರ ದೃಶ್ಯಗಳು ಯಂತ್ರವೇ ಬಿಡಿಸುವಂಥವು. ಅದೇ ವರ್ಷ ಪ್ಲೇಸ್ಟೇಷನ್ 2ಕ್ಕೆ ತಂದಾಗ ಆ ದೃಶ್ಯಗಳನ್ನು ವಿಡಿಯೋ ಮಾಡಿ ಸೇರಿಸಿದರು. ಹಾಗಾಗಿ ಅಲ್ಲಿ ನಾಯಕನಿಗೆ ಬೇರೆ ವೇಷ ತೊಡಿಸಿ ಆಡಿದರೂ ಕಟ್‌ಸೀನ್ ಬಂದ ತಕ್ಷಣ ಅವನು ಹಳೆಯ ಉಡುಪಿಗೆ ಮರಳುತ್ತಾನೆ. ಒಂದೇ ಆಟ, ಒಂದೇ ದೃಶ್ಯ. ಒಂದು ಯಂತ್ರದಲ್ಲಿ ಅದು ಯಂತ್ರದ ಶಕ್ತಿಯ ಪ್ರಮಾಣಪತ್ರ, ಇನ್ನೊಂದರಲ್ಲಿ ಬೇರೆ ಯಂತ್ರದ ಶಕ್ತಿಯ ಭಾವಚಿತ್ರ.

ಆದ್ದರಿಂದ, ತಿಳಕವಾಡಿಯವರೇ, ನಿಮ್ಮ ಆಟದಲ್ಲಿ ಮುದುಕನಿಗೆ ಬೇರೆ ಬಟ್ಟೆ ತೊಡಿಸಲು ಅವಕಾಶವಿದ್ದರೆ ತೊಡಿಸಿ ಮುಂದಿನ ದೃಶ್ಯದವರೆಗೆ ಆಡಿರಿ. ಅಲ್ಲಿ ಹೊಸ ಬಟ್ಟೆ ಕಂಡರೆ ಒಂದು ಉತ್ತರ, ಬೂದು ಶಾಲು ಕಂಡರೆ ಇನ್ನೊಂದು.

ಗೋಕಾಕದ ಆಟಗಾರ

ಎಲ್ಲರೂ ಇಷ್ಟು ಸಮಾಧಾನದಿಂದ ಬರೆಯುತ್ತಿರುವುದು ನನಗೆ ಆಶ್ಚರ್ಯ ತರುತ್ತಿದೆ. ಒಬ್ಬ ಹುಡುಗ ಎರಡು ಸಾವಿರ ರೂಪಾಯಿಯ ಆಟ ತಂದು, ತೋರಿಸಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು ಎಂದು ಕುಗ್ಗಿ ಕುಳಿತಿದ್ದಾನೆ. ಇದನ್ನು ತಂತ್ರಜ್ಞಾನದ ಮಿತಿ ಎಂದು ಸಮರ್ಥಿಸುವುದು ಸರಿಯಲ್ಲ. 2005ರಲ್ಲಿ ಇ3 ಎಂಬ ಆಟಗಳ ಮೇಳದಲ್ಲಿ ಪ್ಲೇಸ್ಟೇಷನ್ 3ರ ಹೆಸರಿನಲ್ಲಿ ತೋರಿಸಿದ ಕಿಲ್‌ಜೋನ್ ಟ್ರೈಲರ್ ಮೊದಲೇ ರೆಂಡರ್ ಮಾಡಿದ್ದಾಗಿತ್ತು. ಆಟ ಜನರ ಕೈಗೆ ಬಂದದ್ದು 2009ರಲ್ಲಿ. 2013ರಲ್ಲಿ ಏಲಿಯನ್ಸ್: ಕಲೋನಿಯಲ್ ಮರೀನ್ಸ್ ಬಂದಾಗ ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರಕ್ಕೆ ದೂರು ಹೋಗಿ, ಟ್ರೈಲರ್‌ಗಳಲ್ಲಿ ತೋರಿಸಿದ್ದು ಅಂತಿಮ ಆಟವಲ್ಲ, ಡೆಮೊ ಎಂಬ ಸೂಚನೆ ಸೇರಿಸಲು ಆಟದ ಪ್ರಕಾಶಕರಾದ ಸೆಗಾ ಒಪ್ಪಬೇಕಾಯಿತು.

ಕಟ್‌ಸೀನ್ ಬಗ್ಗೆಯೇ ಬೇಕೆಂದರೆ ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್ ನೋಡಿರಿ. ಅದರ ಕಂಪನಿ ಬ್ಲಿಜಾರ್ಡ್ 2018ರಲ್ಲಿ ನಡೆಸಿದ ಬ್ಲಿಜ್‌ಕಾನ್ ಮೇಳದಲ್ಲಿ ಸ್ಟ್ರಾತೋಮ್ ನಗರದ ಪ್ರಸಂಗವನ್ನು ಹೊಸ ಕ್ಯಾಮೆರಾ ಕೋನಗಳಿಂದ, ಪಾತ್ರಗಳ ಮುಖ ಹತ್ತಿರದಿಂದ ಕಾಣುವಂತೆ ತೋರಿಸಿದರು. 2020ರ ಜನವರಿಯಲ್ಲಿ ಆಟ ಬಂದಾಗ ಆ ರೂಪ ಅದರಲ್ಲಿ ಇರಲಿಲ್ಲ. ಆಟಗಾರರ ಸಿಟ್ಟು ಎಷ್ಟಿತ್ತೆಂದರೆ, ಕೇಳಿದವರಿಗೆ ಹಣ ಹಿಂತಿರುಗಿಸುವ ವ್ಯವಸ್ಥೆಯನ್ನು ಕಂಪನಿ ಮಾಡಿತು.

ವಿದ್ಯಾಗಿರಿ ಅನಿಮೇಷನ್

ಗೋಕಾಕದವರ ಸಿಟ್ಟು ನ್ಯಾಯವಾದದ್ದು, ಆದರೆ ಅದು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಬೇಕು. ಮಾರುವ ಮೊದಲು ತೋರಿಸುವ ಟ್ರೈಲರ್ ಬೇರೆ, ಕೊಂಡ ಮೇಲೆ ಆಟದೊಳಗೆ ಬರುವ ಕಟ್‌ಸೀನ್ ಬೇರೆ. ಮೊದಲನೆಯದು ಕೊಳ್ಳುವವನಿಗೆ ಕೊಟ್ಟ ಮಾತು. ಎರಡನೆಯದು ಕಥೆ ಹೇಳುವ ಒಂದು ವಿಧಾನ, ಅದು ಆಟಕ್ಕಿಂತ ಚೆಂದ ಕಂಡರೆ ಅದರಲ್ಲಿ ಮೋಸವಿಲ್ಲ. ಮೋಸವಾಗುವುದು ಕಟ್‌ಸೀನಿನ ತುಣುಕುಗಳನ್ನು ಟ್ರೈಲರಿಗೆ ಜೋಡಿಸಿ, ಆಟವೇ ಹೀಗಿದೆ ಎಂಬ ಭಾವನೆ ಹುಟ್ಟಿಸಿದಾಗ.

ಇನ್ನು, ಯಂತ್ರವೇ ಬಿಡಿಸುವ ಕಟ್‌ಸೀನ್ ಆದರೂ ಅದು ಆಟದ ಗುಣಮಟ್ಟವನ್ನು ಇದ್ದಂತೆಯೇ ತೋರಿಸುತ್ತದೆ ಎಂದು ತಿಳಿಯಬಾರದು. ಈ ಅಂಶವೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆಟ ಆಡುವಾಗ ಕ್ಯಾಮೆರಾ ನಿಮ್ಮ ಕೈಯಲ್ಲಿರುತ್ತದೆ. ನೀವು ಯಾವ ಕಡೆ ತಿರುಗುತ್ತೀರೆಂದು ತಯಾರಿಸಿದವನಿಗೆ ತಿಳಿಯದು, ಹಾಗಾಗಿ ಎಲ್ಲ ದಿಕ್ಕಿಗೂ ಅವನು ಸಿದ್ಧನಿರಬೇಕು. ಕಟ್‌ಸೀನ್‌ನಲ್ಲಿ ಕ್ಯಾಮೆರಾ ಅವನ ಕೈಯಲ್ಲಿರುತ್ತದೆ. ಬೆನ್ನ ಹಿಂದಿನ ಬೀದಿಯನ್ನು ಬಿಡಿಸಬೇಕಿಲ್ಲ. ಶತ್ರುಗಳ ಓಡಾಟದ ಲೆಕ್ಕವನ್ನು ನಿಲ್ಲಿಸಬಹುದು. ಹಿನ್ನೆಲೆಯನ್ನು ಮಸುಕು ಮಾಡಿದರೆ ಅಲ್ಲಿಯ ಕೊರತೆಯೂ ಮುಚ್ಚಿಹೋಗುತ್ತದೆ. ಹೀಗೆ ಉಳಿಸಿದ ಶಕ್ತಿಯನ್ನೆಲ್ಲ ಒಂದು ಮುಖದ ಮೇಲೆ ಸುರಿಯುತ್ತಾನೆ: ಗೊಂಬೆಯನ್ನು ಕಟ್ಟುವ ತ್ರಿಕೋನಗಳು ಹೆಚ್ಚಿರುವ ತಲೆ, ದಟ್ಟವಾದ ಕೂದಲು, ನುಣುಪಾದ ನೆರಳು. ಮುಖ್ಯವಾಗಿ, ಕಣ್ಣಿನಲ್ಲಿ ಹೊಳಪು ಬರಲೆಂದೇ ಆ ಒಂದು ಶಾಟ್‌ಗೆ ಎರಡೋ ಮೂರೋ ದೀಪಗಳನ್ನು ಇಡುತ್ತಾನೆ, ಕ್ಯಾಮೆರಾ ಬದಲಾದಾಗ ಅವನ್ನೂ ಬದಲಿಸುತ್ತಾನೆ. 2001ರ ಫೈನಲ್ ಫ್ಯಾಂಟಸಿ 10ರಲ್ಲಿ ಹತ್ತಿರದ ದೃಶ್ಯಗಳಿಗೆ ಹೆಚ್ಚು ವಿವರದ ಗೊಂಬೆ, ನಡೆದಾಡಲು ಸರಳವಾದ ಗೊಂಬೆ ಎಂದು ಒಂದೇ ಪಾತ್ರಕ್ಕೆ ಎರಡು ಮಾದರಿಗಳಿದ್ದವು. ಈ ಪದ್ಧತಿ ಇಂದಿಗೂ ನಡೆದಿದೆ. ನಾನು ಕಲಿಯುವಾಗ ನನ್ನ ಗುರುಗಳು ಇಂಥ ದೃಶ್ಯದ ಹೆಚ್ಚುವರಿ ದೀಪಗಳನ್ನು ಒಂದೊಂದಾಗಿ ಆರಿಸಿ ತೋರಿಸಿದ್ದರು. ಮಾದರಿ ಅದೇ, ಬಟ್ಟೆ ಅದೇ, ಆದರೆ ಕೊನೆಯ ದೀಪ ಆರಿದಾಗ ಮುಖ ಮಣ್ಣಿನ ಹೆಂಟೆಯಂತೆ ಕಂಡಿತು.

ಮೂರನೆಯದೂ ಒಂದು ಬಗೆಯಿದೆ: ಆಟದ ಎಂಜಿನ್‌ನಲ್ಲೇ (ಆಟವನ್ನು ನಡೆಸುವ ತಂತ್ರಾಂಶದಲ್ಲೇ) ಬಿಡಿಸಿ, ಅದನ್ನು ವಿಡಿಯೋ ಮಾಡಿಟ್ಟದ್ದು. ಪ್ಲೇಸ್ಟೇಷನ್ 3ರ ಅನ್‌ಚಾರ್ಟೆಡ್ ಆಟಗಳ ಕಟ್‌ಸೀನ್‌ಗಳು ಹೀಗಿದ್ದವು. 2016ರ ನಾಲ್ಕನೆಯ ಭಾಗಕ್ಕೆ ಬರುವಷ್ಟರಲ್ಲಿ ಅವು ಯಂತ್ರವೇ ಆ ಕ್ಷಣದಲ್ಲಿ ಬಿಡಿಸುವ ದೃಶ್ಯಗಳಾದವು. ಆದ್ದರಿಂದ ಜಾಹೀರಾತಿನಲ್ಲಿ 'ಎಂಜಿನ್‌ನಲ್ಲಿ ತಯಾರಾದದ್ದು' ಎಂದು ಬರೆದಿದ್ದರೆ, ಅದು ನಿಮ್ಮ ಯಂತ್ರದ ಮೇಲೆ ಹಾಗೆ ಓಡುತ್ತದೆ ಎಂದು ಅರ್ಥವಲ್ಲ.

ಗುಳೇದಗುಡ್ಡದ ಮಗ್ಗ

ನಾನು ನೇಕಾರರ ಮನೆಯವನು, ಗ್ರಾಫಿಕ್ಸ್ ತಜ್ಞನಲ್ಲ. ಆದರೆ ತಿಳಕವಾಡಿಯವರು ಶಾಲಿನ ಎಳೆಗಳ ಬಗ್ಗೆ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ಊರಿನ ಖಣವನ್ನು, ಅಂದರೆ ಕುಪ್ಪಸದ ಬಟ್ಟೆಯನ್ನು, ಕೈಯಲ್ಲಿ ಹಿಡಿದು ಕಿಟಕಿಯ ಕಡೆ ಸ್ವಲ್ಪ ಓರೆ ಮಾಡಿದರೆ ಬಣ್ಣ ಬದಲಾಗುತ್ತದೆ, ಏಕೆಂದರೆ ಹಾಸಿನ ನೂಲು ಒಂದು ಬಣ್ಣದ್ದು, ಹೊಕ್ಕಿನದು ಇನ್ನೊಂದು. ಆಟಗಳಲ್ಲಿ ಬಟ್ಟೆಯನ್ನು ನಾನು ಮೊದಲು ನೋಡುವುದೇ ಇದಕ್ಕಾಗಿ. ಕಟ್‌ಸೀನ್‌ನಲ್ಲಿ ತೋಳು ಮಡಚಿದಾಗ ಹೊಳಪು ನೂಲಿನ ದಿಕ್ಕಿಗೆ ಹರಿಯುತ್ತದೆ. ಆಟಕ್ಕೆ ಬಂದ ಮೇಲೆ ಅದೇ ಬಟ್ಟೆಯ ಮೇಲೆ ನೇಯ್ಗೆಯ ಚಿತ್ರವಿರುತ್ತದೆ, ನೇಯ್ಗೆ ಇರುವುದಿಲ್ಲ.

ಇದನ್ನು ನಾನು ಮೋಸವೆಂದು ಕರೆಯಲಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳನ್ನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕಾದಾಗ ಮುಂದಿನ ಪರದೆಯನ್ನು ಇಳಿಬಿಟ್ಟು, ಅದರ ಮುಂದೆ ಹಾಸ್ಯದ ಪಾತ್ರಗಳನ್ನು ಬಿಡುತ್ತಾರೆ. ಜನ ನಗುತ್ತಿರುವಾಗ ಹಿಂದೆ ಸಿಂಹಾಸನ ಹೊರಗೆ ಹೋಗಿ ಮರಗಳು ಒಳಗೆ ಬರುತ್ತವೆ. ಅನೇಕ ಕಟ್‌ಸೀನ್‌ಗಳು ಮಾಡುವ ಕೆಲಸವೂ ಇದೇ ಅಲ್ಲವೇ? ವಿಡಿಯೋ ಓಡುತ್ತಿರುವಾಗ ಮುಂದಿನ ಊರು ಮೆಮೊರಿಗೆ ಇಳಿಯುತ್ತಿರುತ್ತದೆ.

ವಿದ್ಯಾಗಿರಿ ಅನಿಮೇಷನ್

ನೂರಕ್ಕೆ ನೂರು ಹೌದು. ಅನ್‌ಚಾರ್ಟೆಡ್ ಹೇಳಿದೆನಲ್ಲ, ಅಲ್ಲಿಯೂ ವಿಡಿಯೋಗಳು ಲೋಡಿಂಗನ್ನು ಮುಚ್ಚುತ್ತಿದ್ದವು. ಪರದೆಯನ್ನೇ ಇಳಿಸದ ಆಟಗಳೂ ಇವೆ. 1998ರ ಹಾಫ್ ಲೈಫ್ ಆಟಗಾರನ ಕಣ್ಣನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ, 2018ರ ಗಾಡ್ ಆಫ್ ವಾರ್ ಮೊದಲಿಂದ ಕೊನೆಯವರೆಗೆ ಕ್ಯಾಮೆರಾವನ್ನು ಕತ್ತರಿಸದೆ ಸಾಗುತ್ತದೆ. ಅಂಥ ಆಟಗಳಲ್ಲಿ ನೋಡಿದ್ದಕ್ಕೂ ಆಡಿದ್ದಕ್ಕೂ ಅಂತರ ತೀರ ಕಡಿಮೆ.

ಗುಮ್ಮಟನಗರಿ

ಇದರ ತಿರುಗುಮುರುಗಾದ ಅನುಭವವೊಂದು ನನಗಾಗಿದೆ. ಮನೆಗೆ 4ಕೆ ಟಿವಿ ತಂದ ಮೇಲೆ ಹಳೆಯ ಆಟವೊಂದನ್ನು ಮತ್ತೆ ಆಡಿದಾಗ, ಆಡುವ ಭಾಗ ಸ್ಫಟಿಕದಂತೆ ಕಂಡಿತು, ಕಟ್‌ಸೀನ್ ಮಾತ್ರ ಮಂಕಾಗಿತ್ತು. ಕತ್ತಲೆಯ ದೃಶ್ಯಗಳಲ್ಲಿ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆದು ಕಾಣುತ್ತಿತ್ತು. ಒಂದು ಕಾಲಕ್ಕೆ ಬೆರಗು ಹುಟ್ಟಿಸಿದ ವಿಡಿಯೋಗಳು ಇವೇ ಎಂದು ನಂಬುವುದಕ್ಕೇ ಆಗಲಿಲ್ಲ.

ವಿದ್ಯಾಗಿರಿ ಅನಿಮೇಷನ್

ವಿಡಿಯೋ ಒಮ್ಮೆ ಯಾವ ಅಳತೆಯಲ್ಲಿ ತಯಾರಾಯಿತೋ ಆ ಅಳತೆಯಲ್ಲೇ ಉಳಿಯುತ್ತದೆ, ಆಟ ನಿಮ್ಮ ಯಂತ್ರ ಬೆಳೆದಂತೆ ಬೆಳೆಯುತ್ತದೆ. ಅದರ ಮೇಲೆ ಜಾಗ ಉಳಿಸಲು ಮಾಡಿದ ಕಂಪ್ರೆಷನ್ ಬೇರೆ. ಫೈನಲ್ ಫ್ಯಾಂಟಸಿ 13 ಪ್ಲೇಸ್ಟೇಷನ್ 3ರಲ್ಲಿ ಒಂದು ಬ್ಲೂರೇ ತಟ್ಟೆಯಲ್ಲಿ ಬಂತು, ಎಕ್ಸ್‌ಬಾಕ್ಸ್ 360ರಲ್ಲಿ ಮೂರು ಡಿವಿಡಿಗಳಲ್ಲಿ ಬಂತು. ಅಷ್ಟಾದರೂ ಡಿವಿಡಿಯ ವಿಡಿಯೋಗಳನ್ನು ಹೆಚ್ಚು ಹಿಂಡಬೇಕಾಯಿತು, ಅದು ಕಣ್ಣಿಗೆ ಕಾಣುತ್ತಿತ್ತು.

ಗೋಕಾಕದ ಆಟಗಾರ

ವಿದ್ಯಾಗಿರಿಯವರು ಮಾಡಿದ ವಿಂಗಡಣೆಯನ್ನು ಒಪ್ಪುತ್ತೇನೆ. ನನ್ನ ಸಿಟ್ಟು ಜಾಹೀರಾತಿನ ಮೇಲೆಯೇ ಇರಲಿ. ನಮ್ಮ ದೇಶದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ, ಅದರಡಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲದ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2022ರ ಜೂನ್‌ನಲ್ಲಿ ಅದಕ್ಕೆ ಮಾರ್ಗಸೂಚಿಗಳೂ ಬಂದಿವೆ. ಆಟಗಳ ಟ್ರೈಲರ್ ಬಗ್ಗೆ ಇವನ್ನು ಬಳಸಬಹುದೆಂದು ನಮ್ಮ ಕಡೆಯ ಆಟಗಾರರು ಯೋಚಿಸಿಯೇ ಇಲ್ಲ.

ಸ್ಪಷ್ಟವಾಗಿ ಹೇಳುವುದು ಅಸಾಧ್ಯವೇನಲ್ಲ. 2025ರ ಮೇ ತಿಂಗಳಲ್ಲಿ ಜಿಟಿಎ 6ರ ಎರಡನೆಯ ಟ್ರೈಲರ್ ಬಿಟ್ಟಾಗ, ಅದು ಪ್ಲೇಸ್ಟೇಷನ್ 5ರಲ್ಲಿ ಸೆರೆಹಿಡಿದದ್ದು, ಆಟದ ಭಾಗ ಮತ್ತು ಕಟ್‌ಸೀನ್ ಸಮಸಮವಾಗಿವೆ ಎಂದು ಅದರ ತಯಾರಕರಾದ ರಾಕ್‌ಸ್ಟಾರ್ ತಿಳಿಸಿತು. ಯಾವ ಶಾಟ್ ಯಾವುದೆಂದು ಗುರುತು ಹಾಕದಿದ್ದರೂ, ಯಂತ್ರದ ಹೆಸರು ಹೇಳಿದ್ದಾರೆ ಎಂಬುದನ್ನು ಮೆಚ್ಚುತ್ತೇನೆ. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಕೂಡ 2016ರ ಕೊನೆಯಲ್ಲಿ, ಆಟದ ಮಾರಾಟದ ಪುಟದ ಸ್ಕ್ರೀನ್‌ಶಾಟ್ ಜಾಗದಲ್ಲಿ ಆಟದ ಚಿತ್ರಗಳೇ ಇರಬೇಕು, ಮೊದಲೇ ರೆಂಡರ್ ಮಾಡಿದ ದೃಶ್ಯಗಳ ಚಿತ್ರಗಳು ಬೇಡವೆಂದು ತಯಾರಕರಿಗೆ ಹೇಳಿತು. ಆ ಪುಟದಲ್ಲಿ ಕೊಳ್ಳುವವರು ನಂಬಿ ನೋಡಬಹುದಾದ ಜಾಗ ಅದು, ಮೇಲಿನ ಟ್ರೈಲರ್ ಅಲ್ಲ.

ತಿಳಕವಾಡಿಯವರು ಸ್ಟೀಮ್‌ನಲ್ಲಿ ಕೊಂಡಿದ್ದರೆ ಒಂದು ಎಚ್ಚರಿಕೆ. ಕೊಂಡ 14 ದಿನಗಳೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆಯಿದ್ದರೆ ಹಣ ಮರಳಿ ಕೇಳಬಹುದು. ಆದರೆ ಕಟ್‌ಸೀನ್ ನೋಡುತ್ತಾ ಕುಳಿತ ಸಮಯವೂ ಆ ಎರಡು ಗಂಟೆಗೆ ಸೇರುತ್ತದೆ.

ತಿಳಕವಾಡಿ ಓದುಗ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಮನಸ್ಸು ತುಂಬಿ ಬಂದಿದೆ. ನಿನ್ನೆ ಸಂಜೆ ನಾನೂ ಅಳಿಯನೂ ಸೇರಿ ನೀವು ಹೇಳಿದ ಬಟ್ಟೆಯ ಪರೀಕ್ಷೆಯನ್ನು ಮಾಡಿದೆವು. ಆಟದಲ್ಲಿ ಒಂದು ಪೆಟ್ಟಿಗೆಯಿಂದ ಕೆಂಪು ಕೋಟು ಸಿಗುತ್ತದೆ, ಅದನ್ನು ಮುದುಕನಿಗೆ ತೊಡಿಸಿದೆವು. ಮುಂದಿನ ಕಟ್‌ಸೀನ್ ಬಂದಾಗ ಅವನ ಮೈಮೇಲೆ ಬೂದು ಶಾಲೇ ಇತ್ತು. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟಿದ್ದೆವು. ಆಡುವಾಗ ಶೇಕಡಾ 97ರ ಸುಮಾರಿನಲ್ಲಿದ್ದ ಕಾರ್ಡಿನ ಬಳಕೆ, ಆ ದೃಶ್ಯ ಓಡುವಾಗ ಹತ್ತಕ್ಕಿಂತ ಕೆಳಗೆ ಇಳಿಯಿತು. ಆಟದ ಫೋಲ್ಡರ್ ತೆರೆದು ನೋಡಿದರೆ ವಿಡಿಯೋ ಫೈಲುಗಳ ದೊಡ್ಡ ಸಾಲೇ ಇತ್ತು. ಅಲ್ಲಿಗೆ ಮೊದಲ ದೃಶ್ಯದ ವಿಷಯ ತೀರ್ಮಾನವಾಯಿತು.

ನಮ್ಮನ್ನು ಬೆರಗುಗೊಳಿಸಿದ್ದು ಅದರ ಮುಂದಿನದು. ಎರಡನೆಯ ಅಧ್ಯಾಯದ ಕೊನೆಯಲ್ಲಿ ಮುದುಕ ದೋಣಿಯವನ ಜೊತೆ ಮಾತಾಡುವ ಚಿಕ್ಕ ದೃಶ್ಯವಿದೆ. ಅಲ್ಲಿ ಅವನು ಕೆಂಪು ಕೋಟಿನಲ್ಲೇ ಬಂದ, ಕಾರ್ಡಿನ ಬಳಕೆಯೂ ಇಳಿಯಲಿಲ್ಲ. ಒಂದೇ ಆಟದಲ್ಲಿ ಎರಡೂ ಬಗೆಗಳಿವೆ! ಆ ದೃಶ್ಯದಲ್ಲಿ ಮುಖ ಚೆನ್ನಾಗಿತ್ತು, ಕೋಟಿನ ಬಟ್ಟೆ ಮಾತ್ರ ತಗಡಿನಂತೆಯೇ ಇತ್ತು. ಆಗ ಹುಡುಗನಿಗೆ ಅನುಮಾನ ಬಂದು ಸೆಟ್ಟಿಂಗ್ಸ್ ತೆರೆದ. ಕಾರ್ಡಿನಲ್ಲಿ 4 ಜಿಬಿ ಮಾತ್ರ ಇರುವುದನ್ನು ನೋಡಿ ಆಟ ತಾನಾಗಿಯೇ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ತೀರ ಕೆಳಗಿನ ಹಂತಕ್ಕೆ ಇಟ್ಟಿತ್ತು. ಅದನ್ನು ಮಧ್ಯಮಕ್ಕೆ ಏರಿಸಿ, ನೆರಳಿನ ಗುಣಮಟ್ಟವನ್ನು ಒಂದು ಹಂತ ಇಳಿಸಿದೆವು. ಆಟ ಮೊದಲಿನ ವೇಗದಲ್ಲೇ ಓಡಿತು, ಶಾಲಿನ ಮೇಲೆ ನೇಯ್ಗೆ ಮೂಡಿತು. ಮೊದಲ ವಿಡಿಯೋದಲ್ಲಿ ಕಂಡಂತೆ ಎಳೆಗಳು ಎದ್ದು ನಿಲ್ಲಲಿಲ್ಲ, ಮಳೆ ಈಗಲೂ ಭುಜವನ್ನು ತೂರಿ ಹೋಗುತ್ತದೆ, ಆದರೆ ಅದು ಬಟ್ಟೆಯೆಂದು ಕಾಣುತ್ತದೆ.

ಹಣ ಮರಳಿ ಕೇಳುವ ಸಮಯ ಮೀರಿದೆ. ನಮ್ಮ ಲೆಕ್ಕದಲ್ಲಿ ಮೂರು ಗಂಟೆಯ ಹತ್ತಿರವಾಗಿದೆ, ಅದರಲ್ಲಿ ಮುಕ್ಕಾಲು ಗಂಟೆಯಾದರೂ ಬರೀ ನೋಡಿದ್ದು. ಅವನಿಗೆ ಮರಳಿಸುವ ಮನಸ್ಸೂ ಇಲ್ಲ. ಈಗ ಅವನ ಆಸೆಯೇ ಬೇರೆಯಾಗಿದೆ: ಗುಳೇದಗುಡ್ಡದವರು ಬರೆದದ್ದನ್ನು ಓದಿ, ಬ್ಲೆಂಡರ್ ಎಂಬ 3ಡಿ ಚಿತ್ರ ತಯಾರಿಸುವ ತಂತ್ರಾಂಶದಲ್ಲಿ ಖಣದ ಬಟ್ಟೆಯನ್ನು ತಾನೇ ಮಾಡಿ ನೋಡಬೇಕಂತೆ. ಅಕ್ಕನ ಹಳೆಯ ಕುಪ್ಪಸದ ಫೋಟೋ ತೆಗೆದರೆ ನಡೆಯುತ್ತದೆಯೇ ಎಂದು ಕೇಳುತ್ತಿದ್ದಾನೆ.

ಗುಳೇದಗುಡ್ಡದ ಮಗ್ಗ

ಹೊಲಿದ ಕುಪ್ಪಸ ಬೇಡ, ಅದರಲ್ಲಿ ಮಡಿಕೆಗಳಿರುತ್ತವೆ. ಹೊಲಿಯದ ಖಣದ ತುಂಡನ್ನು ಹಲಗೆಯ ಮೇಲೆ ಬಿಗಿಯಾಗಿ ಹಾಸಿ, ಮೋಡವಿರುವ ಹೊತ್ತಿನಲ್ಲಿ ಅಂಗಳದಲ್ಲಿಟ್ಟು, ಫ್ಲ್ಯಾಶ್ ಹಾಕದೆ ನೇರ ಮೇಲಿನಿಂದ ಫೋಟೋ ತೆಗೆಯಲು ಹೇಳಿರಿ. ಆಮೇಲೆ ಬಟ್ಟೆಯನ್ನು ಅಲುಗಿಸದೆ, ಒಂದು ಟಾರ್ಚನ್ನು ಮೊದಲು ಹಾಸಿನ ದಿಕ್ಕಿನಿಂದ, ಆಮೇಲೆ ಹೊಕ್ಕಿನ ದಿಕ್ಕಿನಿಂದ ಹಿಡಿದು ಇನ್ನೆರಡು ಫೋಟೋ ತೆಗೆಯಲಿ. ಬಣ್ಣ ಎಲ್ಲಿ ತಿರುಗುತ್ತದೆಂದು ಅವನಿಗೆ ಅದರಲ್ಲೇ ತಿಳಿಯುತ್ತದೆ. ತುಂಡು ಸಿಗದಿದ್ದರೆ ತಿಳಿಸಿರಿ, ನಮ್ಮ ಮನೆಯಿಂದ ಕಳುಹಿಸುತ್ತೇನೆ.